ಸಿಂಹದ ಪಾಳಿ

ಗಂಡಸು, ಹೆಂಗಸು, ಹೆಂಗಸು, ಹೆಂಗಸು, ಹೆಂಗಸು. ತಿಕೋಟಾದಲ್ಲಿ ಬಸ್ಸು ಹತ್ತುತ್ತಿದ್ದವರನ್ನು ನಂದಾ ಕಿಟಕಿಯ ಪಕ್ಕ ಕುಳಿತು ಮನಸ್ಸಿನಲ್ಲೇ ಸಾಲಾಗಿ ಬರೆದುಕೊಳ್ಳುತ್ತಿದ್ದಳು. ನಾಲ್ವರು ಹೆಂಗಸರು ಒಬ್ಬರ ಹಿಂದೊಬ್ಬರು ಮೆಟ್ಟಿಲೇರಿದಾಗ ಅವಳೊಳಗೆ ಸಣ್ಣ ಸಡಗರವೊಂದು ಎದ್ದಿತು. ಐದನೆಯವರೂ ಹೆಂಗಸೇ ಆಗಲಿ ಎಂದು ಕತ್ತು ಉದ್ದ ಮಾಡಿ ಬಾಗಿಲ ಕಡೆ ನೋಡಿದಳು. ಹತ್ತಿದವನು ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೇರಿಸಿಕೊಂಡಿದ್ದ ಒಬ್ಬ ಮುದುಕ. ಸಾಲು ನಾಲ್ಕಕ್ಕೇ ಮುರಿಯಿತು. ಆದರೆ ಇದು ನಾಣ್ಯದ ಹಾಗಲ್ಲ, ಎಂದು ತನ್ನನ್ನೇ ತಿದ್ದಿಕೊಂಡಳು. ಹೆಂಗಸರು ಸಂತೆಗೆ, ಆಸ್ಪತ್ರೆಗೆ ಜೊತೆ ಕಟ್ಟಿಕೊಂಡು ಬರುತ್ತಾರೆ, ಒಬ್ಬಳು ಬಂದಳೆಂದರೆ ಇನ್ನೊಬ್ಬಳು ಬರುವುದು ಹೆಚ್ಚುಕಡಿಮೆ ಗ್ಯಾರಂಟಿ. ನಾಣ್ಯಕ್ಕೆ ಜೊತೆಯಿಲ್ಲ, ನೆನಪಿಲ್ಲ. ಈ ಮಾತನ್ನು ಇವತ್ತು ಮಕ್ಕಳಿಗೆ ಯಾವ ದನಿಯಲ್ಲಿ ಹೇಳಬೇಕೆಂದು ಎರಡು ದಿನದಿಂದ ಒಲೆಯ ಮುಂದೆ, ಬಚ್ಚಲಲ್ಲಿ, ಸ್ಟೇಷನ್ ರಸ್ತೆಯ ಗದ್ದಲದಲ್ಲಿ ನಡೆಯುತ್ತ ಅಭ್ಯಾಸ ಮಾಡಿದ್ದಳು. ಮುದುಕ ಪಕ್ಕದಲ್ಲಿ ಕುಳಿತು ಪಂಪನ್ನು ಕಾಲ ನಡುವೆ ಇರಿಸಿಕೊಂಡ. ಅವನನ್ನು ನೋಡಿ ಅವಳು ಅಗತ್ಯಕ್ಕಿಂತ ಹೆಚ್ಚು ನಕ್ಕಿರಬೇಕು. "ನಾ ಯಾರಂತ ಗುರುತು ಸಿಕ್ಕತೇನವ್ವಾ ನಿನಗ?" ಎಂದ. "ಇಲ್ರೀ ಯಜ್ಜಾ," ಎಂದು ಅವಳು ನಾಚಿ ಕಿಟಕಿಯ ಕಡೆ ತಿರುಗಿದಳು.

ಏಳನೆಯ ತರಗತಿ, ದತ್ತಾಂಶಗಳ ನಿರ್ವಹಣೆ, ಉಪಘಟಕ ಸಂಭವನೀಯತೆ. ಬಿಜ್ಜರಗಿಯ ದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ಸಿಗುವ, ತೋಟದಲ್ಲೇ ಮನೆ ಕಟ್ಟಿಕೊಂಡವರ ವಸತಿಯ ಶಾಲೆಯಲ್ಲಿ ಅವಳು ಹನ್ನೆರಡು ವರ್ಷದಿಂದ ಗಣಿತ ಹೇಳುತ್ತಿದ್ದಳು, ಹನ್ನೆರಡು ವರ್ಷದಲ್ಲಿ ಅವಳ ಪಾಠವನ್ನು ದೊಡ್ಡವರು ಯಾರೂ ಕುಳಿತು ಕೇಳಿರಲಿಲ್ಲ. ಬರುತ್ತಿದ್ದವರು ಬಿಸಿಯೂಟದ ಅಕ್ಕಿ ನೋಡುತ್ತಿದ್ದರು, ಶೌಚಾಲಯದ ಬಾಗಿಲು ನೋಡುತ್ತಿದ್ದರು, ಹಾಜರಿ ನೋಡುತ್ತಿದ್ದರು. ಇವತ್ತು ಮೂರನೆಯ ಅವಧಿಗೆ ಸುತ್ತಲಿನ ಶಾಲೆಗಳ ಪಾಠ ನೋಡುವ ಸಿ.ಆರ್.ಪಿ. ಸೈಫುದ್ದೀನ ಸರ್ ಬಂದು ಹಿಂದಿನ ಬೆಂಚಿನಲ್ಲಿ ಕೂತು ನಲವತ್ತು ನಿಮಿಷ ಪೂರ್ತಿ ಕೇಳಲಿದ್ದರು. ಅವರಿಗೆ ಪಾಠ ಹಿಡಿಸಿದರೆ ಜಿಲ್ಲೆಯ ಗಣಿತ ತರಬೇತಿಗೆ ಕಲಿಸುವವರ ಪಟ್ಟಿಯಲ್ಲಿ ಅವಳ ಹೆಸರು ಹೋಗುತ್ತದೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಶಿಕ್ಷಕರೆಲ್ಲ ಅವಳ ಮುಂದೆ ಕೂರುತ್ತಾರೆ. ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಸೆ ಎಷ್ಟು ದೊಡ್ಡದೆಂದು ತನಗೇ ಕೇಳಿಸಿಬಿಡುತ್ತದೆ ಎಂಬ ಅಂಜಿಕೆ.

ಅದಕ್ಕಾಗಿ ಒಂದು ಚಮತ್ಕಾರ ಕೂಡಿಸಿದ್ದಳು. ಇಪ್ಪತ್ತೆಂಟು ಮಕ್ಕಳಿಗೂ ನಾಣ್ಯವನ್ನು ನೂರು ಸಲ ಹಾರಿಸಿ, ಸಿಂಹ ಬಿದ್ದರೆ 'ಸಿಂ', ಅಂಕಿ ಬಿದ್ದರೆ 'ಅಂ' ಎಂದು ಬಿದ್ದ ಕ್ರಮದಲ್ಲೇ ಬರೆದುಕೊಂಡು ಬರಲು ಹೇಳಿದ್ದಳು. ಪುಸ್ತಕದಲ್ಲಿ ಶಿರ, ಪುಚ್ಛ ಎಂದಿದೆ. ಪುಚ್ಛ ಎಂದರೆ ಬಾಲ ಎಂದು ತಿಳಿದ ದಿನ ಮಕ್ಕಳು ಬೆಂಚಿನ ಮೇಲೆ ಬಿದ್ದು ನಕ್ಕಿದ್ದರಿಂದ ಆ ಶಬ್ದಗಳನ್ನು ಕೈಬಿಟ್ಟಿದ್ದಳು. ನೂರು ಸಲ ಹಾರಿಸುವುದು ಬೇಸರದ ಕೆಲಸ. ಅರ್ಧಕ್ಕರ್ಧ ಮಕ್ಕಳು ಇಪ್ಪತ್ತಕ್ಕೇ ಸಾಕಾಗಿ ಉಳಿದದ್ದನ್ನು ಕೂತು ಬರೆಯುತ್ತಾರೆ, ಅದು ಅವಳಿಗೆ ಗೊತ್ತಿತ್ತು, ಬೇಕಾಗಿದ್ದುದೂ ಅದೇ. ಕೂತು ಬರೆಯುವವರ ಕೈಗೆ ಒಂದು ಹೆದರಿಕೆ ಇರುತ್ತದೆ: ಒಂದೇ ಅಕ್ಷರವನ್ನು ಮೂರು ಸಲ ಬರೆದರೆ ಸಾಕು, ಇದು ಖರೇ ಕಾಣಿಸುವುದಿಲ್ಲ ಎಂದು ಬೆರಳು ತಾನಾಗಿ ಇನ್ನೊಂದಕ್ಕೆ ಹೊರಳುತ್ತದೆ. ನಾಣ್ಯಕ್ಕೆ ಅಂಥ ಅಂಜಿಕೆಯಿಲ್ಲ. ನಿಜವಾಗಿ ನೂರು ಸಲ ಹಾರಿಸಿದರೆ, ನೂರರಲ್ಲಿ ತೊಂಬತ್ತೇಳು ಜನರ ಪಟ್ಟಿಯಲ್ಲಿ ಎಲ್ಲಾದರೂ ಒಂದು ಕಡೆ ಐದು ಸಿಂಹವೋ ಐದು ಅಂಕಿಯೋ ಒಂದರ ಹಿಂದೊಂದು ನಿಂತೇ ನಿಂತಿರುತ್ತವೆ. ಅವಳು ನೋಟುಪುಸ್ತಕಗಳ ಮೇಲೆ ಕಣ್ಣಾಡಿಸಿ ಯಾರು ಹಾರಿಸಿದವರು, ಯಾರು ಕೂತು ಬರೆದವರು ಎಂದು ಎರಡು ಗುಂಪು ಮಾಡುತ್ತಾಳೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಆಮೇಲೆ ಗುಟ್ಟು ಬಿಡಿಸುತ್ತಾಳೆ.

ಕೂತು ಬರೆಯುವವರ ಕೈ. ಆ ಕೈಯ ಅಂಜಿಕೆ ಅವಳಿಗೆ ಪುಸ್ತಕದಿಂದ ತಿಳಿದದ್ದಲ್ಲ. ವಿಜಯಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ, ಲೋಲಕದ ಪ್ರಯೋಗ, ಒಂದೇ ಮೇಜಿಗೆ ಅವಳೂ ಕಾಖಂಡಕಿಯ ಚಂದ್ರಕಲಾಳೂ. ಸ್ಟಾಪ್‌ವಾಚಿನ ಗುಂಡಿ ಒತ್ತಿದರೆ ಅಂಟಿಕೊಳ್ಳುತ್ತಿತ್ತು, ಗುರುತ್ವದ ಬೆಲೆ ಒಂಬತ್ತೂಮುಕ್ಕಾಲು ಚಿಲ್ಲರೆ ಬರಬೇಕಾದದ್ದು ಒಂಬತ್ತೂಕಾಲರ ಸುತ್ತ ಬಂದಿತ್ತು. ಇಬ್ಬರದೂ ಅದೇ ಅಳತೆ. ಚಂದ್ರಕಲಾ ಬಂದದ್ದನ್ನು ಬಂದಂತೆ ಬರೆದು ಕೊಟ್ಟಳು. ನಂದಾ ಕೋಣೆಗೆ ಹೋಗಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊಸ ಅಳತೆಗಳನ್ನು ಬರೆದಳು; ತೀರಾ ಸರಿಯಿದ್ದರೆ ಅನುಮಾನ ಬರುತ್ತದೆಂದು ಒಂದನ್ನು ತುಸು ಮೇಲೆ, ಮುಂದಿನದನ್ನು ತುಸು ಕೆಳಗೆ ಇಟ್ಟಳು. ಅವಳಿಗೆ ಪೂರ್ತಿ ಅಂಕ. ಮರುವಾರ ಪ್ರಾಧ್ಯಾಪಕರು ಚಂದ್ರಕಲಾಳ ಪುಸ್ತಕವನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳಿಸುವಂತೆ ಹೇಳಿದ್ದರು, "ಯಾಕವಾ ಚಂದ್ರಕಲಾ, ನಿಮ್ಮ ಕಾಖಂಡಕಿಯೊಳಗ ಭೂಮಿ ಸ್ವಲ್ಪ ಸಡ್ಲ ಜಗ್ತದೇನು?" ತರಗತಿ ನಕ್ಕಿತು. ಚಂದ್ರಕಲಾ ಪಕ್ಕಕ್ಕೆ ತಿರುಗಿ ನೋಡಿದಾಗ ನಂದಾ ಸಹ ನಗುತ್ತಿದ್ದಳು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಆದರೆ ನಗುತ್ತಿದ್ದಳು. "ಬಿಜ್ಜರಗಿ ರೋಡ್ ಯಾರ್ರೀ, ಇಳೀರಿ," ಎಂದು ಕಂಡಕ್ಟರ್ ಕೂಗಿದ.

ಸೈಫುದ್ದೀನ ಸರ್ ಅವಳಿಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಹೆಲ್ಮೆಟ್ ಒರೆಸುತ್ತ ನಿಂತಿದ್ದರು. ಸೌಮ್ಯ ಮನುಷ್ಯ, ಪ್ರತಿ ಮಾತಿಗೂ ಎದೆಯ ಜೇಬಿನ ಪೆನ್ನು ಮುಟ್ಟಿ ನೋಡುವ ರೂಢಿ. "ನೋಡ್ರಿ ಮೇಡಮ್, ಫಾರ್ಮಿನಾಗ ಹದಿನಾಲ್ಕು ಕಾಲಮ್ ಅದಾವ. ನಾನೇನೂ ಮಾತಾಡೂದಿಲ್ಲ, ಸುಮ್ಮ ಕೂತು ತುಂಬತೀನಿ. ನಾ ಇಲ್ಲಂತನ ತಿಳದು ನಡಸ್ರಿ," ಎಂದರು. ಮೂರನೆಯ ಅವಧಿಯ ಗಂಟೆ ಬಾರಿಸಿದಾಗ ನಂದಾಳ ಒಳಗೆ ಎಲ್ಲ ಹಗುರಾಗಿ ಕುಣಿಯುತ್ತಿತ್ತು.

"ಪುಸ್ತಕ ತರ್ರಿ," ಎಂದಳು. ಇಪ್ಪತ್ತೆಂಟು ನೋಟುಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದವು. "ನಾ ಯಾರನ್ನೂ ಒಂದು ಮಾತು ಕೇಳೂದಿಲ್ಲ. ಯಾರು ಖರೇನ ಹಾರಸ್ಯಾರ, ಯಾರು ಕೂತು ಬರದಾರ, ಬರೇ ನೋಡಿ ಹೇಳತೀನಿ."

"ಮುಖ ನೋಡಿ ಏನ್ರಿ ಅಕ್ಕೋರ?" ಎಂದ ಮುತ್ತು, ತರಗತಿಯಲ್ಲಿ ನಗಿಸುವ ಕೆಲಸ ತನ್ನದೆಂದು ತಿಳಿದವನು.

"ನಿನ್ನ ಮುಖ ನೋಡಿದ್ರ ನೀ ಪುಸ್ತಕನ ತಂದಿಲ್ಲ ಅನಸ್ತದ. ಸುಮ್ಮ ಕೂಡು."

ಅವಳು ಒಂದೊಂದನ್ನೇ ತೆರೆದಳು. ಕಣ್ಣು ಸಾಲುಗಳ ಮೇಲೆ ಓಡುತ್ತಿತ್ತು, ಐದರ ಸಾಲು ಸಿಕ್ಕ ಕೂಡಲೇ ಮೀನು ಗಾಳವನ್ನು ಜಗ್ಗಿದಂತೆ ನಿಲ್ಲುತ್ತಿತ್ತು. ಕೆಂಪು ಪೆನ್ನಿನಿಂದ ಪುಟದ ತಲೆಗೆ 'ಹಾರಿಸಿದ್ದು' ಎಂದು ಬರೆದು ಎಡಕ್ಕೆ, 'ಕೂತು ಬರೆದದ್ದು' ಎಂದು ಬರೆದು ಬಲಕ್ಕೆ. ಮುತ್ತುವಿನದು ಸಿಂ ಅಂ ಸಿಂ ಅಂ ಎಂದು ಕವಾಯತಿನ ಹಾಗೆ ಸಾಗಿತ್ತು. "ಮುತ್ತು, ಕೂತು ಬರದದ್ದು." "ಕೂತಲ್ರೀ ಅಕ್ಕೋರ, ಮಲಕೊಂಡು ಬರದೀನಿ." ತರಗತಿ ಸಿಡಿಯಿತು. ಹಿಂದಿನ ಬೆಂಚಿನಲ್ಲಿ ಸೈಫುದ್ದೀನ ಸರ್ ಪೆನ್ನು ನಿಲ್ಲಿಸಿ ಮುಂದಕ್ಕೆ ಬಾಗಿದ್ದರು. "ಸಂಗು, ಹಾರಸಿದ್ದು." "ಹೌದ್ರಿ." "ಶೈಲಾ, ಮೊದಲಿನ ನಲವತ್ತು ಹಾರಸಿದ್ದು, ಆಮ್ಯಾಲ ಕೂತು ಬರದದ್ದು." ಶೈಲಾ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಕ್ಕೋರಿಗೆ ದೇವರು ಬರ್ತದೋ," ಎಂದು ಯಾರೋ ಪಿಸುಗುಟ್ಟಿದರು. ಹನ್ನೆರಡು ವರ್ಷ ಎಲ್ಲಿತ್ತು ಈ ಗಳಿಗೆ ಎಂದು ನಂದಾಗೆ ಅನಿಸಿತು. ಹದಿನೇಳು ಎಡಕ್ಕೆ, ಹತ್ತು ಬಲಕ್ಕೆ. ಹತ್ತೂ ಜನ ನಗುತ್ತ, ಒಬ್ಬರನ್ನೊಬ್ಬರು ತಿವಿಯುತ್ತ ಒಪ್ಪಿಕೊಂಡಿದ್ದರು. ಒಂದೇ ಒಂದು ಉಳಿದಿತ್ತು.

ಕೊನೆಯ ಪುಸ್ತಕ ಗುರುಬಸವ್ವನದು. ಅಜ್ಜಿಯ ಹೆಸರನ್ನು ಹೊತ್ತ ಹನ್ನೆರಡು ವರ್ಷದ ಹುಡುಗಿ, ಗಟ್ಟಿ ಹೆಣೆದ ಎರಡು ಜಡೆ, ಕೇಳಿದರೆ ಮಾತ್ರ ಮಾತಾಡುವವಳು. ಬರವಣಿಗೆ ಅಚ್ಚಿನಂತೆ, ಸಾಲಿಗೆ ಹತ್ತರಂತೆ ಹತ್ತು ಸಾಲು. ನಂದಾ ಐದು ಹುಡುಕಿದಳು, ಸಿಗಲಿಲ್ಲ. ನಾಲ್ಕು ಹುಡುಕಿದಳು, ಅದೂ ಇಲ್ಲ. ಮೂರಕ್ಕೆ ಬಂದು ಪ್ರತಿ ಸಲವೂ ಸಾಲು ಮುರಿದಿತ್ತು. ಐದು ಮಾತ್ರ ಇಲ್ಲದಿದ್ದರೆ ನೂರಕ್ಕೆ ಮೂವರಿಗೆ ಹಾಗಾಗಬಹುದೆಂದು ಬಿಟ್ಟುಬಿಡುತ್ತಿದ್ದಳು. ನಾಲ್ಕೂ ಇಲ್ಲವೆಂದರೆ ಸಾವಿರ ಜನ ಹಾರಿಸಿದರೂ ಒಬ್ಬರಿಗೆ ಹಾಗಾಗುವುದು ಕಷ್ಟ. ಅವಳು ಬರೆದಳು, ಓದಿದಳು: "ಗುರುಬಸವ್ವ, ಕೂತು ಬರದದ್ದು."

"ಇಲ್ರೀ ಅಕ್ಕೋರ," ಎಂದು ಗುರುಬಸವ್ವ ಎದ್ದು ನಿಂತಳು. "ನಾ ಹಾರಸೀನ್ರಿ."

"ಹಾರಸಿದ್ರ ಹಿಂಗ ಬರೂದಿಲ್ಲವಾ. ಇರ್ಲಿ, ಹತ್ತು ಮಂದಿ ಒಪಗೊಂಡಾರ, ಇದರಾಗ ನಾಚಿಕಿ ಏನಿಲ್ಲ."

"ಹಾರಸೀನ್ರಿ. ನಮ್ಮ ಅಜ್ಜನ ಮುಂದನ ಹಾರಸೀನ್ರಿ."

ನಂದಾಗೆ ಒಂದು ಕ್ಷಣ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಆ ಹುಡುಗಿಯ ಸುಳ್ಳಲ್ಲ. ಇಷ್ಟು ಚೆಂದ ಉರುಳುತ್ತಿದ್ದ ಗಾಲಿಗೆ ಅವಳು ಕಲ್ಲಾಗಿ ನಿಂತದ್ದು, ಹಿಂದಿನ ಬೆಂಚಿನ ಪೆನ್ನು ಕಾಯುತ್ತಿದ್ದದ್ದು. "ಗುರುಬಸವ್ವಾ," ಎಂದಳು ಮೆಲ್ಲಗೆ, ಎಲ್ಲರಿಗೂ ಕೇಳುವ ಮೆಲುದನಿಯಲ್ಲಿ, "ಗಣಿತದ ಮುಂದ ಸುಳ್ಳು ನಡ್ಯೂದಿಲ್ಲ."

"ಅಜ್ಜನ ಮುಂದನ ಕೂತು ಬರದಿ ಬಿಡು," ಎಂದ ಮುತ್ತು. ತರಗತಿ ನಕ್ಕಿತು. ಗುರುಬಸವ್ವ ಅಳಲಿಲ್ಲ. ಕುಳಿತಳು, ಜಡೆಯ ತುದಿಯ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅವಳ ಪಕ್ಕದವಳು ತುಸು ದೂರ ಸರಿದು ಕುಳಿತಳು.

ಪಾಠ ಮುಂದೆ ಹೋಯಿತು, ಹೋದದ್ದಲ್ಲ ಹಾರಿತು. ಗುಟ್ಟು ಬಿಡಿಸಿದಾಗ ಮಕ್ಕಳು ಹೋ ಎಂದರು. ಹದಿನೇಳು ಖರೇ ಪಟ್ಟಿಗಳನ್ನು ಗುಂಪುಗಳಿಗೆ ಹಂಚಿ, ಎಲ್ಲದರ ಸಿಂಹ ಎಷ್ಟು ಎಂದು ಕೂಡಿಸಲು ಹೇಳಿದಳು. ಅಂಕಿಗಳು ಬೆಂಚಿನಿಂದ ಬೆಂಚಿಗೆ ಕೂಗುತ್ತ ಓಡಾಡಿದವು. ಒಂದು ಪಟ್ಟಿಯಲ್ಲಿ ನಲವತ್ತಮೂರು, ಇನ್ನೊಂದರಲ್ಲಿ ಐವತ್ತೆಂಟು, ಎಲ್ಲ ಕೂಡಿಸಿದರೆ ಅರ್ಧದ ಬಗಲಿಗೇ ಬಂದು ನಿಲ್ಲುವ ಆ ಬೆರಗನ್ನು ಹಲಗೆಯ ಮೇಲೆ ಬರೆಯುವಾಗ ಸುಣ್ಣದಕಡ್ಡಿ ಮುರಿಯಿತು, ಮುರಿದ ತುಂಡಿನಲ್ಲೇ ಬರೆದಳು. ಸೈಫುದ್ದೀನ ಸರ್ ಒಂದು ಗುಂಪಿನ ಜೊತೆ ಮಂಡಿ ಊರಿ ಕುಳಿತು ತಾವೂ ಎಣಿಸುತ್ತಿದ್ದರು. ಒಮ್ಮೆ ತಲೆಯೆತ್ತಿ ಅವಳನ್ನು ನೋಡಿ, "ಮೇಡಮ್, ವಯಸ್ಸು ನಲವತ್ತೆಂಟಾತು, ಇದು ನನಗೂ ಗೊತ್ತಿರಲಿಲ್ಲ," ಎಂದರು. ಆ ಮಾತು ಅವಳ ಬೆನ್ನಿನ ಮೇಲೆ ಬಿಸಿಲಿನಂತೆ ಬಿತ್ತು.

ಗುಂಪುಗಳ ನಡುವೆ ತಿರುಗುತ್ತ ಮೇಜಿನ ಬಳಿ ಬಂದಾಗ ಬಲಗಡೆಯ ರಾಶಿಯ ಮೇಲೆ ಗುರುಬಸವ್ವನ ಪುಸ್ತಕ ತೆರೆದೇ ಇತ್ತು. ಫ್ಯಾನಿನ ಗಾಳಿಗೆ ಪುಟ ಹೊರಳಿ ಬೆನ್ನುಪುಟ ಮೇಲಕ್ಕೆ ಬಂದಿತ್ತು. ಅದರ ಮೇಲೆ ಅದೇ ಅಚ್ಚಿನಂಥ ಅಕ್ಷರದಲ್ಲಿ ಒಂದು ತಲೆಬರಹ: 'ಪಾಳಿ ಮೀರಿ ಬಂದದ್ದು'. ಅದರ ಕೆಳಗೆ ಏಳು ಸಾಲು, ಮೊದಲ ನಾಲ್ಕು ಹೀಗೆ:

೯ ಆದಮೇಲೆ ಅಂಕಿ ೧. ೧೭ ಆದಮೇಲೆ ಅಂಕಿ ೧. ೨೮ ಆದಮೇಲೆ ಸಿಂಹ ೨. ೪೨ ಆದಮೇಲೆ ಸಿಂಹ ೫.

ಅವಳು ಪುಟ ಹೊರಳಿಸಿದಳು. ನಲವತ್ತು, ನಲವತ್ತೊಂದು, ನಲವತ್ತೆರಡು: ಸಿಂ ಸಿಂ ಸಿಂ. ನಲವತ್ತಮೂರು: ಅಂ. ಮತ್ತೆ ಬೆನ್ನುಪುಟಕ್ಕೆ ಬಂದಳು. ಮೂರು ಮತ್ತು ಐದು, ಎಂಟು. ಎಂಟು ಸಿಂಹಗಳು ಒಂದರ ಹಿಂದೊಂದು. ತೋಟದ ವಸತಿಯ ಪ್ರತಿಯೊಂದು ಮನೆಯಂತೆ ಗುರುಬಸವ್ವನ ಮನೆಯದೂ ಪಾಳಿಯ ಬಾವಿ, ಸರದಿಯಂತೆ ನೀರು ಹಂಚಿಕೊಳ್ಳುವಂಥದ್ದು. ಅವಳ ಅಜ್ಜ ಬಸಗೊಂಡಪ್ಪನೇ ಆ ಪಾಳಿಗೆ ಹಿರಿಯ. ಒಬ್ಬರಿಗೆ ಮೂರು ತಾಸು, ಆಮೇಲೆ ಇನ್ನೊಬ್ಬರು. ಕರೆಂಟು ಯಾವಾಗ ಬರಲಿ ಯಾವಾಗ ಹೋಗಲಿ, ಮೂರರ ಮೇಲೆ ಯಾರಾದರೂ ಜಗ್ಗಿದರೆ ಅದನ್ನು ಅವನು ಬೇರೆ ಬರೆದಿಡುತ್ತಾನೆ, ಬಿಸಾಕುವುದಿಲ್ಲ. ಹುಡುಗಿ ನಾಣ್ಯಕ್ಕೂ ಅದೇ ನ್ಯಾಯ ಮಾಡಿದ್ದಳು. ಮೂರು ಸಲ ಬಿದ್ದವರ ಪಾಳಿ ಮುಗಿಯಿತು. ನಾಲ್ಕನೆಯದು ಬಂದರೆ ಬಂತು, ಅದು ಲೆಕ್ಕದಲ್ಲಿ ಕೂಡದು, ಆದರೆ ಬಂದದ್ದಂತೂ ಹೌದು, ಹೀಗಾಗಿ ಅದಕ್ಕೆ ಬೇರೆ ಪುಟ. ಏಳೂ ಸಾಲು ಕೂಡಿಸಿದರೆ ಹದಿನೈದು; ನೂರು ತುಂಬುವ ತನಕ ಅವಳು ನೂರಾ ಹದಿನೈದು ಸಲ ಹಾರಿಸಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು.

ನಂದಾ ಪುಸ್ತಕ ಮುಚ್ಚಿದಳು.

ಕೈ ತಾನಾಗಿ ಮುಚ್ಚಿತು, ಅವಳು ಆಮೇಲೆ ಅದನ್ನು ನೋಡಿದಳು. ಗುಂಪುಗಳು ಎಣಿಸುತ್ತಿದ್ದವು, ಸೈಫುದ್ದೀನ ಸರ್ ತಮ್ಮ ಬೆಂಚಿಗೆ ಮರಳಿ ಏನನ್ನೋ ತುಂಬಾ ಬರೆಯುತ್ತಿದ್ದರು, ಅವಧಿ ಮುಗಿಯಲು ಒಂಬತ್ತು ನಿಮಿಷವಿತ್ತು. ನಾಳೆ ಹುಡುಗಿಯನ್ನು ಪಕ್ಕಕ್ಕೆ ಕರೆದು ಹೇಳಬಹುದು. ನಾಳೆ ಹೇಳಿದರೂ ಅದು ಹೇಳಿದ್ದೇ. ಹೆಚ್ಚೆಂದರೆ ಒಂದು ಪೇಡಾ ಕೊಡಬಹುದು. ಅಲ್ಲದೆ ಹುಡುಗಿಯೂ ತಪ್ಪು ಮಾಡಿದ್ದಾಳೆ, ಬಿದ್ದ ಕ್ರಮದಲ್ಲೇ ಬರೆಯಿರಿ ಎಂದಿದ್ದೆನಲ್ಲ, ನಾನು ಹೇಳಿದ್ದು ಪೂರ್ತಿ ಸುಳ್ಳೇನೂ ಆಗಲಿಲ್ಲ. ಈ ಕೊನೆಯ ವಾಕ್ಯ ಎಷ್ಟು ಚೊಕ್ಕವಾಗಿ ಬಂತೆಂದರೆ ಅದರ ಚೊಕ್ಕತನವೇ ಅವಳನ್ನು ಹಿಡಿದು ನಿಲ್ಲಿಸಿತು. ಒಂದು ತುಸು ಮೇಲೆ, ಒಂದು ತುಸು ಕೆಳಗೆ. ಹೋದ ವರ್ಷ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಚಂದ್ರಕಲಾ ಕಂಡಿದ್ದಳು, ಕೈಯಲ್ಲಿ ಮಗಳು, ತಲೆಯಲ್ಲಿ ನಾಲ್ಕು ಬಿಳಿ ಕೂದಲು. ನಂದಾ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಿಸಿಲಿಗೆ ಎಂಬಂತೆ ಕಂಬದ ಹಿಂದೆ ಸರಿದಿದ್ದಳು. ಚಂದ್ರಕಲಾ ನೋಡಿದಳೋ ಇಲ್ಲವೋ, ಅವಳ ಬಸ್ಸು ಹೋದಮೇಲೂ ನಂದಾ ಐದು ನಿಮಿಷ ಕಂಬದ ಹಿಂದೆಯೇ ನಿಂತಿದ್ದಳು. ಅವತ್ತು ಒಬ್ಬರೇ ಒಬ್ಬರು, ಅದೇ ಮೇಜಿನಲ್ಲಿ ಅದೇ ಗಡಿಯಾರ ಹಿಡಿದವರು, ಎದ್ದು ನಿಂತು ಸರ್, ಬಂದದ್ದು ಅಷ್ಟೇ ಎಂದಿದ್ದರೆ. ಒಂದೆರಡು ಸೆಕೆಂಡಿನ ಮಾತು. ಗುರುಬಸವ್ವ ರಿಬ್ಬನ್ ಕಟ್ಟುವುದನ್ನು ಮುಗಿಸಿ ಇನ್ನೊಂದು ಜಡೆಯದನ್ನು ಬಿಚ್ಚಿದ್ದಳು.

ಎಂಟು ಸಿಂಹಗಳು. ಭಯದ ಅಡಿಯಿಂದ ಮುಂಜಾನೆಯ ಆ ಸಡಗರ ಮೇಲೆದ್ದು ಬಂತು, ಅವಳು ತಡೆಯಲಾರದಷ್ಟು ಜೋರಾಗಿ. ಹದಿನೇಳು ಖರೇ ಪಟ್ಟಿಗಳಲ್ಲಿ ಅವಳ ಕಣ್ಣಿಗೆ ಬಿದ್ದ ಉದ್ದನೆಯ ಸಾಲು ಏಳರದು. ಎಂಟು ಇಲ್ಲಿದೆ, ಈ ಮುಚ್ಚಿದ ಪುಸ್ತಕದಲ್ಲಿ, ಮತ್ತು ಅದನ್ನು ಅವಳೊಬ್ಬಳೇ ನೋಡಿದ್ದಾಳೆ. ಅಂಥದ್ದನ್ನು ನೋಡಿ ಸುಮ್ಮನಿರುವುದು ಅವಳ ಮೈಗೇ ಆಗದ ಮಾತು.

"ಎಲ್ಲಾರೂ ಎಣಸೂದು ಬಿಡ್ರಿ," ಎಂದಳು. ದನಿ ಒಡೆದು ಎತ್ತರಕ್ಕೆ ಹೋಯಿತು. "ಇಲ್ಲೆ ನೋಡ್ರಿ. ನಾ ಒಂದು ತಪ್ಪು ಮಾಡೀನಿ. ಗುರುಬಸವ್ವ ಕೂತು ಬರದಿಲ್ಲ. ಆಕಿ ಹಾರಸ್ಯಾಳ. ನಿಮ್ಮೆಲ್ಲಾರಿಗಿಂತ ಹದಿನೈದು ಸಲ ಹೆಚ್ಚಿಗಿ ಹಾರಸ್ಯಾಳ."

ತರಗತಿ ಗುರುಬಸವ್ವನ ಕಡೆ ತಿರುಗಿತು. ಅವಳು ರಿಬ್ಬನ್ ಹಿಡಿದಂತೆಯೇ ನಂದಾಳನ್ನು ನೋಡುತ್ತಿದ್ದಳು, ಇನ್ನೂ ನಂಬದ ಕಣ್ಣಿನಿಂದ.

"ಬೆನ್ನುಪುಟದಾಗ ಬರದದ್ದು ಏನವಾ ಇದು? ನೀನ ಹೇಳು."

"ಪಾಳಿ ಮೀರಿ ಬಂದದ್ರಿ," ಎಂದಳು ಗುರುಬಸವ್ವ. "ಮೂರು ಸಲ ಸಿಂಹ ಬಿತ್ತಂದ್ರ ಸಿಂಹದ ಪಾಳಿ ಮುಗೀತಲ್ರಿ. ಆಮ್ಯಾಲ ಅಂಕೀದು. ಒಬ್ಬರಿಗೇ ಹೆಂಗ ಕೊಡೂದು ಅಂತ ಅಜ್ಜ ಅಂದಾ. ಆದ್ರ ಅದು ಬಿದ್ದದ್ದು ಖರೇ ಐತಿ, ಅಳಸಬ್ಯಾಡ, ಬ್ಯಾರೇ ಬರದಿಡು ಅಂದಾ."

"ನಾಣ್ಯಕ್ಕ ಎಂಥಾ ಪಾಳಿ ಲೇ," ಎಂದ ಮುತ್ತು.

"ಮುತ್ತು, ನಿನ್ನ ಪಟ್ಟಿಯೊಳಗ ಸಿಂಹ ಒಂದು, ಅಂಕಿ ಒಂದು, ಸಿಂಹ ಒಂದು, ಅಂಕಿ ಒಂದು," ಎಂದಳು ನಂದಾ. "ಪಾಳಿ ನೀನೂ ಹಚ್ಚೀದಿ. ಆಕಿ ಹಚ್ಚಿದ ಪಾಳಿ ಬರದಿಟ್ಟಾಳ, ನೀ ಮುಚ್ಚಿಟ್ಟಿ. ಈಗ ಬಿದ್ದಿದ್ದನ್ನ ಬಿದ್ದಂಗ ಓದತೀನಿ, ಎಲ್ಲಾರೂ ಎಣಸ್ರಿ." ಅವಳು ಪುಟವನ್ನು ಹಿಂದೆ ಮುಂದೆ ಹೊರಳಿಸುತ್ತ, ಪಾಳಿ ಮೀರಿದ್ದನ್ನು ಅದರದರ ಜಾಗಕ್ಕೆ ಸೇರಿಸುತ್ತ ಓದಿದಳು. ನಲವತ್ತು ದಾಟಿದಾಗ ಮಕ್ಕಳ ದನಿ ಒಂದಾಗಿತ್ತು. ಸಿಂಹ, ಒಂದು. ಸಿಂಹ, ಎರಡು. ಸಿಂಹ, ಮೂರು. ನಾಲ್ಕು. ಐದು. ಆರು. ಏಳು ಎನ್ನುವಾಗ ಹಿಂದಿನ ಬೆಂಚಿನವರು ಎದ್ದು ನಿಂತಿದ್ದರು. ಎಂಟು. "ಯಪ್ಪಾ," ಎಂದಳು ಶೈಲಾ. ಪಕ್ಕದ ಆರನೆಯ ತರಗತಿಯಿಂದ ಯಾರೋ ಗೋಡೆ ಬಡಿದರು.

"ಅಂಕಿಗೆ ಅಷ್ಟೊತ್ತು ಪಾಳಿನ ಬರಲಿಲ್ಲೇನ್ರಿ?" ಎಂದ ಸಂಗು, ನಿಜವಾದ ಮರುಕದಿಂದ.

"ನಾಣ್ಯಕ್ಕ ಹಿಂದಿಂದು ನೆನಪಿರೂದಿಲ್ಲ ಸಂಗು. ಏಳು ಸಿಂಹ ಬಿದ್ದಾವಂತ ಅದಕ್ಕ ಗೊತ್ತಿಲ್ಲ. ಎಂಟನೇದ್ದಕ್ಕೂ ಅರ್ಧಕ್ಕರ್ಧನ. ಪಾಳಿ ಇರೂದು ಬಾವ್ಯಾಗ, ಯಾಕಂದ್ರ ಅಲ್ಲೆ ಮನಷ್ಯಾರು ಕೂತು ನ್ಯಾಯ ಮಾಡತಾರ. ನಾಣ್ಯ ನ್ಯಾಯ ಮಾಡೂದಿಲ್ಲ, ಅನ್ಯಾಯನೂ ಮಾಡೂದಿಲ್ಲ." ಎರಡು ದಿನದಿಂದ ಅಭ್ಯಾಸ ಮಾಡಿದ ದನಿ ಇದಾಗಿರಲಿಲ್ಲ. ಅದು ಎಲ್ಲಿ ಹೋಯಿತೋ.

"ಮತ್ತ ಅಕ್ಕೋರ," ಎಂದ ಮುತ್ತು, ಏಟು ತಿಂದವನ ಚುರುಕಿನಿಂದ, "ಕೂತು ಬರಿಯವ್ರು ಹೆಂಗ ಬರಿತಾರಂತ ನಿಮಗ ಹೆಂಗ ಗೊತ್ತಾತ್ರಿ?"

ಗಣಿತದಿಂದ ಎನ್ನಬಹುದಾಗಿತ್ತು. ಅವಳು ಹಿಂದಿನ ಬೆಂಚನ್ನು ನೋಡಿದಳು, ಸೈಫುದ್ದೀನ ಸರ್ ಅವಳನ್ನೇ ನೋಡುತ್ತಿದ್ದರು. "ನಾನೂ ಬರದೀನಿ," ಎಂದಳು. "ಕಾಲೇಜಿನಾಗಿದ್ದಾಗ, ಪ್ರಯೋಗದ ಅಳತಿ. ಬಂದದ್ದು ಬಿಟ್ಟು ಬರಬೇಕಾಗಿದ್ದು ಬರದೆ."

ಯಾರೂ ನಗಲಿಲ್ಲ. ಮುತ್ತು ತಲೆ ಕೆರೆದುಕೊಂಡ. "ಸಿಕ್ಕಬಿದ್ರ್ಯಾ?"

"ಇಲ್ಲ."

"ಮಾರ್ಕ್ಸ್ ರೀ?"

"ಪೂರ್ತಿ ಬಿದ್ವು."

ಆಗ ನಕ್ಕರು, ಇಪ್ಪತ್ತೇಳು ಜನ, ಬೆಂಚು ಬಡಿದು. "ಖರೇ ಬರದಾಕಿಗೆ ಏನ್ ಬಿತ್ರಿ?" ಎಂದು ಗುರುಬಸವ್ವ ಕೇಳಿದಳು. ನಗುವಿನ ನಡುವೆ ಅದು ನಂದಾಗೆ ಮಾತ್ರ ಕೇಳಿಸಿತು. ಇನ್ನೊಬ್ಬಳಿದ್ದಳೆಂದು ಅವಳಿಗೆ ಹೇಗೆ ತಿಳಿಯಿತು? ತಿಳಿದಿರಲಿಕ್ಕಿಲ್ಲ, ಯಾರಾದರೂ ಖರೇ ಬರೆದಿರಲೇಬೇಕೆಂದು ಅವಳ ನ್ಯಾಯ. "ನಗಿ ಬಿತ್ತು," ಎಂದಳು ನಂದಾ. ಅವಳ ಒಳಗೆ ಎಲ್ಲವೂ ಮುಂಜಾನೆಗಿಂತ ಹಗುರಾಗಿತ್ತು.

ಗುರುಬಸವ್ವ ಎದ್ದು ಮೇಜಿನ ಬಳಿ ಬಂದಳು. "ಕೆಂಪು ಪೆನ್ನಲೆ ಬರದೀರಲ್ರಿ," ಎಂದಳು. "ಎಲ್ಲಾರ ಮುಂದ ಬರದೀರಿ. ಈಗ ಎಲ್ಲಾರ ಮುಂದ ಹೊಡದು ಹಾಕ್ರಿ."

ನಂದಾ 'ಕೂತು ಬರೆದದ್ದು' ಎಂಬುದರ ಮೇಲೆ ಗೀಟು ಎಳೆದಳು.

"ಸಹಿ ಮಾಡ್ರಿ. ಅಜ್ಜ ಹೊಡದು ಹಾಕಿದಲ್ಲೆ ಸಹಿ ಮಾಡತಾನ್ರಿ."

ಮಾಡಿದಳು. ತಾರೀಖು ಹಾಕಿದಳು. ಮೇಲೆ 'ಹಾರಿಸಿದ್ದು' ಎಂದೂ ಬರೆದಳು. ಹುಡುಗಿ ಶಾಯಿಯ ಮೇಲೆ ಉಫ್ ಎಂದು ಊದಿ, ಎರಡು ಸಲ ಓದಿ, ಪುಸ್ತಕ ಎತ್ತಿಕೊಂಡು ಸೀದಾ ಹಿಂದಿನ ಬೆಂಚಿಗೆ ಹೋದಳು. "ಸರ್, ನೀವೂ ನೋಡ್ರಿ. ನೀವೂ ಕೇಳೀರಿ ಮದ್ಲ." ಸೈಫುದ್ದೀನ ಸರ್ ಕನ್ನಡಕ ಸರಿ ಮಾಡಿಕೊಂಡು ಮುಂದಿನ ಪುಟ ನೋಡಿದರು, ಬೆನ್ನುಪುಟ ನೋಡಿದರು, "ನೋಡೀನವ್ವಾ, ಛೊಲೋ ಆತು," ಎಂದು ಗಂಭೀರವಾಗಿ ಪುಸ್ತಕ ಮರಳಿಸಿದರು. ಆಮೇಲೆ ತಮ್ಮ ಫಾರ್ಮನ್ನು ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಹುಡುಕಿದರು, ಇನ್ನೊಮ್ಮೆ ಹುಡುಕಿದರು.

"ಮೇಡಮ್," ಎಂದರು, "ಇದನ್ನ ಯಾವ ಕಾಲಮ್ಮಿನಾಗ ಬರೀಲಿ?"

"ಗೊತ್ತಿಲ್ರಿ ಸರ್," ಎಂದಳು ನಂದಾ. ಅವರು ಏನು ಬರೆಯುತ್ತಾರೆಂದು ಅವಳು ನಿಂತು ನೋಡಲಿಲ್ಲ. ಮಕ್ಕಳು ಆಗಲೇ ಕಿಸೆಯಿಂದ, ಕಂಪಾಸಿನ ಡಬ್ಬಿಯಿಂದ ನಾಣ್ಯ ತೆಗೆದು ಹಾರಿಸಹತ್ತಿದ್ದರು, ಒಂಬತ್ತು ಬೀಳಿಸುತ್ತೇನೆಂದು ಒಬ್ಬ, ಹತ್ತೆಂದು ಇನ್ನೊಬ್ಬ. ನೆಲದ ಮೇಲೆ ಠಣ್ ಠಣ್ ಎಂದು ಬೀಳುವ ಸದ್ದಿಗೆ ಒಂದು ಲಯವೂ ಇರಲಿಲ್ಲ. ಗುರುಬಸವ್ವ ತನ್ನ ಜಾಗಕ್ಕೆ ಹೋಗಿ, ಪಕ್ಕದವಳನ್ನು ಮೊಣಕೈಯಿಂದ ಅತ್ತ ಸರಿಸಿ, ಹದಿನೈದನ್ನೂ ಸಾಲುಗಳ ಸಂದಿಯಲ್ಲಿ ಸಣ್ಣ ಅಕ್ಷರದಲ್ಲಿ ಅವವುಗಳ ಜಾಗಕ್ಕೆ ಸೇರಿಸುತ್ತ ಕುಳಿತಳು, ನಾಲಗೆಯ ತುದಿ ಹಲ್ಲಿನ ನಡುವೆ. ಒಂಬತ್ತರ ಮುಂದೆ ಒಂದು ಹಿಡಿಯಿತು. ಇಪ್ಪತ್ತೆಂಟರ ಮುಂದೆ ಎರಡು ಹೇಗೋ ಹಿಡಿದವು. ನಲವತ್ತೆರಡರ ಮುಂದೆ ಐದಕ್ಕೆ ಜಾಗ ಸಾಲಲಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು, ಆಮೇಲೆ ಪುಸ್ತಕವನ್ನು ಓರೆ ಮಾಡಿ, ಗೆರೆ ದಾಟಿ ಅಂಚಿಗೆ ಹೋದಳು, ಮತ್ತು ಅಲ್ಲಿ ಐದು ಸಿಂಹಗಳು ಒಂದರ ಮೇಲೊಂದು ಹತ್ತಿ ಪುಟದ ತಲೆಯ ತನಕ ಹೋದವು.